ರಾಜೇಶ್ವರಿ ಚಟರ್ಜಿ

ರಾಜೇಶ್ವರಿ ಚಟರ್ಜಿ (24 ಜನವರಿ 1922 – 3 ಸೆಪ್ಟೆಂಬರ್ 2010) ವಿದ್ಯುತ್ಕಾಂತೀಯ ಸಿದ್ಧಾಂತ, ಮೈಕ್ರೋವೇವ್ ಎಂಜಿನಿಯರಿಂಗ್ ಮತ್ತು ಆಂಟೆನಾ ವಿಜ್ಞಾನದಲ್ಲಿ ಭಾರತದ ಮೊದಲ ತಲೆಮಾರಿನ ಸಂಶೋಧಕರಲ್ಲಿ ಒಬ್ಬರು. ಕರ್ನಾಟಕದ ಮೊದಲ ಮಹಿಳಾ ಎಂಜಿನಿಯರ್ ಎಂದು ಹೆಸರಾದ ಇವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1953ರಿಂದ 1982ರವರೆಗೆ ಬೋಧನೆ ಮತ್ತು ಸಂಶೋಧನೆ ನಡೆಸಿ, ಅಲ್ಲಿನ ವಿದ್ಯುತ್ ಸಂವಹನ ಎಂಜಿನಿಯರಿಂಗ್ ವಿಭಾಗದ ಮುಖ್ಯಸ್ಥರೂ ಆಗಿದ್ದರು. ಪತಿ ಶಿಶಿರ್ ಕುಮಾರ್ ಚಟರ್ಜಿ ಅವರೊಡನೆ ಇವರು ಕಟ್ಟಿದ ಮೈಕ್ರೋವೇವ್ ಸಂಶೋಧನಾಲಯವು ದೇಶದಲ್ಲಿ ಆ ಬಗೆಯ ಸಂಶೋಧನೆಗೆ ಬುನಾದಿ ಹಾಕಿದವುಗಳಲ್ಲಿ ಒಂದು. ಲೋಹ, ಗಾಳಿ ಮತ್ತು ನಿರೋಧಕ ವಸ್ತುಗಳು ಒಂದನ್ನೊಂದು ಮುಟ್ಟುವ ಎಲ್ಲೆಯಲ್ಲಿ ವಿದ್ಯುತ್ಕಾಂತೀಯ ಅಲೆ ಹೇಗೆ ನಡೆದುಕೊಳ್ಳುತ್ತದೆ ಎಂಬ ಪ್ರಶ್ನೆಯೇ ಇವರ ಸಂಶೋಧನೆಯ ಬಹುಭಾಗವನ್ನು ಬೆಸೆದಿರುವ ಎಳೆ.

ಮನೆತನ ಮತ್ತು ಬಾಲ್ಯ

ರಾಜೇಶ್ವರಿ ಅವರ ತಂದೆ ಬಿ.ಎಂ. ಶಿವರಾಮಯ್ಯ ಹಳೆಯ ಮೈಸೂರು ಸಂಸ್ಥಾನದ ನಂಜನಗೂಡಿನಲ್ಲಿ ವಕೀಲರಾಗಿದ್ದರು. ಅಜ್ಜಿ ಕಮಲಮ್ಮ ದಾಸಪ್ಪ ಸಂಸ್ಥಾನದ ಮೊದಲ ಮಹಿಳಾ ಪದವೀಧರರಲ್ಲಿ ಒಬ್ಬರಾಗಿದ್ದು, ಹೆಣ್ಣುಮಕ್ಕಳ ಓದಿಗಾಗಿ, ಅದರಲ್ಲೂ ವಿಧವೆಯರು ಮತ್ತು ಗಂಡನಿಂದ ತೊರೆಯಲ್ಪಟ್ಟವರು ಕಲಿತು ತಮ್ಮ ಕಾಲ ಮೇಲೆ ನಿಲ್ಲಬೇಕೆಂಬ ಉದ್ದೇಶಕ್ಕಾಗಿ ದುಡಿದವರು. ಅಜ್ಜಿಯೇ ಸ್ಥಾಪಿಸಿದ ವಿಶೇಷ ಇಂಗ್ಲಿಷ್ ಶಾಲೆಯಲ್ಲಿ ಮೊಮ್ಮಗಳ ಪ್ರಾಥಮಿಕ ಶಿಕ್ಷಣ ನಡೆಯಿತು. ಹೆಣ್ಣುಮಗಳು ಎಷ್ಟು ಓದಬೇಕು ಎಂಬುದು ಇತರ ಮನೆಗಳಲ್ಲಿ ವಾದದ ವಿಷಯವಾಗಿದ್ದ ಕಾಲದಲ್ಲಿ ಈ ಮನೆಯಲ್ಲಿ ಅದು ಅಜ್ಜಿಯ ಕಾಲದಲ್ಲೇ ತೀರ್ಮಾನವಾಗಿತ್ತು ಎಂಬುದು ಇವರ ಮುಂದಿನ ಬದುಕನ್ನು ಅರಿಯಲು ಮುಖ್ಯ.

ಇವರು ಹುಟ್ಟಿದ ಕಾಲದ ಮೈಸೂರು ಸಂಸ್ಥಾನ ವಿದ್ಯುತ್ತಿಗೆ ಹೊಸದೇನೂ ಆಗಿರಲಿಲ್ಲ. 1902ರಲ್ಲಿ ಶಿವನಸಮುದ್ರದ ಜಲವಿದ್ಯುತ್ ಕೇಂದ್ರದಿಂದ ಸುಮಾರು 147 ಕಿ.ಮೀ. ದೂರದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಹರಿದಿತ್ತು. 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ ವಿದ್ಯುದ್ದೀಪ ಬಂದಿತ್ತು. ಜಮ್‌ಸೆಟ್‌ಜಿ ಟಾಟಾ ಅವರ ಆಶಯದಂತೆ, ಮೈಸೂರು ಅರಸರು ನೀಡಿದ 371 ಎಕರೆ ನೆಲದಲ್ಲಿ 1909ರಲ್ಲಿ ಸ್ಥಾಪನೆಯಾದ ಭಾರತೀಯ ವಿಜ್ಞಾನ ಸಂಸ್ಥೆಯು 1911ರಲ್ಲಿ ಮೊದಲ ವಿದ್ಯಾರ್ಥಿಗಳನ್ನು ಸೇರಿಸಿಕೊಂಡಾಗ ವಿದ್ಯುತ್ ತಂತ್ರವಿಜ್ಞಾನವು ಅದರ ಆರಂಭದ ವಿಭಾಗಗಳಲ್ಲಿ ಒಂದಾಗಿತ್ತು.

ಉನ್ನತ ಶಿಕ್ಷಣ

ಶಾಲೆ ಮುಗಿಸಿದಾಗ ಇತಿಹಾಸದತ್ತಲೂ ಒಲವಿದ್ದ ರಾಜೇಶ್ವರಿ ಕೊನೆಗೆ ಭೌತಶಾಸ್ತ್ರ ಮತ್ತು ಗಣಿತವನ್ನು ಆರಿಸಿಕೊಂಡರು. ಆಗ ಮೈಸೂರು ವಿಶ್ವವಿದ್ಯಾಲಯಕ್ಕೆ ಸೇರಿದ್ದ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಗಣಿತದಲ್ಲಿ ಬಿ.ಎಸ್‌ಸಿ. ಆನರ್ಸ್ ಮತ್ತು ಎಂ.ಎಸ್‌ಸಿ. ಪದವಿಗಳನ್ನು ಪಡೆದು, ಎರಡರಲ್ಲೂ ವಿಶ್ವವಿದ್ಯಾಲಯಕ್ಕೆ ಮೊದಲಿಗರಾದರು. ಬಿ.ಎಸ್‌ಸಿ. ಸಾಧನೆಗೆ ಮುಮ್ಮಡಿ ಕೃಷ್ಣರಾಜ ಒಡೆಯರ್ ಪ್ರಶಸ್ತಿಯೂ ಎಂ.ಎಸ್‌ಸಿ. ಸಾಧನೆಗೆ ಎಂ.ಟಿ. ನಾರಾಯಣ ಅಯ್ಯಂಗಾರ್ ಬಹುಮಾನವೂ ದೊರೆತವು.

ಮುಂದೆ ಸಿ.ವಿ. ರಾಮನ್ ಅವರ ಬಳಿ ಸಂಶೋಧನೆ ಮಾಡುವ ಬಯಕೆ ಇವರಿಗಿತ್ತು. ಭೌತಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಇಲ್ಲವೆಂಬ ಕಾರಣದಿಂದ ಅದು ಕೈಗೂಡಲಿಲ್ಲವೆಂದು ಇವರ ಜೀವನವನ್ನು ಬರೆದವರು ಹೇಳುತ್ತಾರೆ. 1943ರಲ್ಲಿ ಇವರು ಭಾರತೀಯ ವಿಜ್ಞಾನ ಸಂಸ್ಥೆಯ ವಿದ್ಯುತ್ ತಂತ್ರವಿಜ್ಞಾನ ವಿಭಾಗವನ್ನು ಸಂಶೋಧನಾ ವಿದ್ಯಾರ್ಥಿನಿಯಾಗಿ ಸೇರಿದರು. ಗಣಿತದಿಂದ ಎಂಜಿನಿಯರಿಂಗ್‌ಗೆ ಬಂದ ಈ ತಿರುವೇ ಮುಂದೆ ಇವರ ಸಂಶೋಧನೆಯ ಸ್ವರೂಪವನ್ನು ನಿರ್ಧರಿಸಿತು. ಎರಡನೆಯ ಮಹಾಯುದ್ಧದ ನಡುವಿನ ಆ ವರ್ಷಗಳಲ್ಲಿ ರೇಡಿಯೋ ಸಂಪರ್ಕ ಮತ್ತು ರೇಡಾರ್ ವಿದ್ಯುತ್ ಶಾಸ್ತ್ರದ ಅಂಚಿನಿಂದ ನಡುಮನೆಗೆ ಬಂದಿದ್ದವು. 1946ರಲ್ಲಿ ಸಂಸ್ಥೆಯಲ್ಲಿ ವಿದ್ಯುತ್ ಸಂವಹನ ಎಂಜಿನಿಯರಿಂಗ್ ಪ್ರತ್ಯೇಕ ವಿಭಾಗವಾಯಿತು.

ಯುದ್ಧ ಮುಗಿದ ಮೇಲೆ ಅಧಿಕಾರ ಹಸ್ತಾಂತರಕ್ಕೆ ಮುನ್ನ ರಚನೆಯಾದ ಮಧ್ಯಂತರ ಸರ್ಕಾರವು ಯುವ ವಿಜ್ಞಾನಿಗಳನ್ನು ಉನ್ನತ ವ್ಯಾಸಂಗಕ್ಕೆ ಹೊರದೇಶಗಳಿಗೆ ಕಳುಹಿಸಲು ವಿದ್ಯಾರ್ಥಿವೇತನಗಳನ್ನು ಪ್ರಕಟಿಸಿತು. ಎಲೆಕ್ಟ್ರಾನಿಕ್ಸ್ ಮತ್ತು ಅದರ ಬಳಕೆಗಳ ವಿಷಯದಲ್ಲಿ ಅರ್ಜಿ ಹಾಕಿದ ರಾಜೇಶ್ವರಿ 1946ರಲ್ಲಿ ಆಯ್ಕೆಯಾಗಿ, ದೇಶ ಸ್ವತಂತ್ರವಾದ 1947ರಲ್ಲಿ ಹಡಗಿನಲ್ಲಿ ಸುಮಾರು ಒಂದು ತಿಂಗಳು ಪಯಣಿಸಿ ಅಮೆರಿಕ ತಲುಪಿದರು.

ಮಿಚಿಗನ್ ವಿಶ್ವವಿದ್ಯಾಲಯದಲ್ಲಿ

ಆ್ಯನ್ ಆರ್ಬರ್ ನಗರದ ಮಿಚಿಗನ್ ವಿಶ್ವವಿದ್ಯಾಲಯದ ವಿದ್ಯುತ್ ಎಂಜಿನಿಯರಿಂಗ್ ವಿಭಾಗದಲ್ಲಿ ಇವರು ಸ್ನಾತಕೋತ್ತರ ಪದವಿ ಪಡೆದರು. ಭಾರತ ಸರ್ಕಾರದೊಂದಿಗಿನ ಒಪ್ಪಂದದಂತೆ ವಾಷಿಂಗ್ಟನ್‌ನ ರಾಷ್ಟ್ರೀಯ ಮಾನಕ ಸಂಸ್ಥೆಯ ರೇಡಿಯೋ ಆವೃತ್ತಿ ಮಾಪನ ವಿಭಾಗದಲ್ಲಿ ಎಂಟು ತಿಂಗಳು ಪ್ರಾಯೋಗಿಕ ತರಬೇತಿ ಪಡೆದರು. ತೂಕ, ಅಳತೆ ಮತ್ತು ವಿದ್ಯುತ್ ಪರಿಮಾಣಗಳಿಗೆ ಅಧಿಕೃತ ಮಾನಕಗಳನ್ನು ನಿಗದಿಪಡಿಸುವ ಆ ಸಂಸ್ಥೆಯಲ್ಲಿ, ಹೆಚ್ಚಿನ ಆವೃತ್ತಿಯ ಅಲೆಗಳನ್ನು ಕರಾರುವಾಕ್ಕಾಗಿ ಅಳೆಯುವ ವಿದ್ಯೆ ಗಣಿತದ ವಿದ್ಯಾರ್ಥಿನಿಯೊಬ್ಬರ ಕೈಗೆ ಬಂದದ್ದು ಸಣ್ಣ ಸಂಗತಿಯಲ್ಲ. ಬೆಂಗಳೂರಿನಲ್ಲಿ ಮುಂದೆ ಪ್ರಯೋಗಾಲಯ ಕಟ್ಟುವಾಗ ಬೇಕಾದದ್ದು ಈ ವಿದ್ಯೆಯೇ.

1949ರಲ್ಲಿ ಬಾರ್ಬರ್ ವಿದ್ಯಾರ್ಥಿವೇತನದ ನೆರವಿನಿಂದ ಇವರು ಮಿಚಿಗನ್‌ಗೆ ಮರಳಿದರು. ಏಷ್ಯಾದ ಮಹಿಳೆಯರ ಉನ್ನತ ವ್ಯಾಸಂಗಕ್ಕೆಂದೇ ಮೀಸಲಾದ ಈ ವೇತನವು 1917ರಿಂದ ಆ ವಿಶ್ವವಿದ್ಯಾಲಯದಲ್ಲಿ ನಡೆದುಬಂದಿದೆ. ಎಲೆಕ್ಟ್ರಾನ್ ಕೊಳವೆಗಳ ವಿಜ್ಞಾನದಲ್ಲಿ ಹೆಸರುವಾಸಿಯಾದ ಪ್ರೊಫೆಸರ್ ವಿಲಿಯಂ ಗೌಲ್ಡ್ ಡೌ ಅವರ ಮಾರ್ಗದರ್ಶನದಲ್ಲಿ ಸಂಶೋಧನೆ ನಡೆಸಿದ ರಾಜೇಶ್ವರಿ 1953ರ ಆರಂಭದಲ್ಲಿ ಪಿಎಚ್.ಡಿ. ಪದವಿ ಪಡೆದು ಭಾರತಕ್ಕೆ ಹಿಂದಿರುಗಿದರು.

ಸಂಶೋಧನಾ ಕ್ಷೇತ್ರದ ಹಿನ್ನೆಲೆ

ಇವರ ಸಂಶೋಧನೆಯನ್ನು ಅರಿಯಲು ವಿದ್ಯುತ್ಕಾಂತೀಯತೆಯ ಕೆಲವು ಮೂಲ ಸಂಗತಿಗಳು ಅಗತ್ಯ. ಬದಲಾಗುವ ಕಾಂತಕ್ಷೇತ್ರವು ವಿದ್ಯುತ್ತನ್ನು ಪ್ರೇರಿಸುತ್ತದೆ ಎಂಬುದನ್ನು ಮೈಕೆಲ್ ಫ್ಯಾರಡೆ 1831ರಲ್ಲಿ ಪ್ರಯೋಗದಿಂದ ತೋರಿಸಿದರು. ಬದಲಾಗುವ ವಿದ್ಯುತ್ ಕ್ಷೇತ್ರವೂ ಕಾಂತಕ್ಷೇತ್ರವನ್ನು ಹುಟ್ಟಿಸುತ್ತದೆ ಎಂಬ ಅಂಶವನ್ನು ಸೇರಿಸಿದ ಜೇಮ್ಸ್ ಕ್ಲಾರ್ಕ್ ಮ್ಯಾಕ್ಸ್‌ವೆಲ್, ಎರಡೂ ಕ್ಷೇತ್ರಗಳು ಒಂದನ್ನೊಂದು ಎಬ್ಬಿಸುತ್ತ ಬೆಳಕಿನ ವೇಗದಲ್ಲಿ, ಅಂದರೆ ಸೆಕೆಂಡಿಗೆ ಸುಮಾರು 3 ಲಕ್ಷ ಕಿ.ಮೀ. ವೇಗದಲ್ಲಿ, ಅಲೆಯಾಗಿ ಸಾಗಬೇಕೆಂದು 1865ರಲ್ಲಿ ಪ್ರಕಟವಾದ ಸಮೀಕರಣಗಳಿಂದ ಕಂಡುಕೊಂಡರು. ಹೈನ್ರಿಕ್ ಹರ್ಟ್ಸ್ 1880ರ ದಶಕದ ಕೊನೆಯಲ್ಲಿ ಈ ಅಲೆಗಳನ್ನು ಪ್ರಯೋಗಶಾಲೆಯಲ್ಲಿ ಎಬ್ಬಿಸಿ ಗುರುತಿಸಿದರೆ, ಕಲ್ಕತ್ತೆಯಲ್ಲಿ ಜಗದೀಶಚಂದ್ರ ಬೋಸ್ 1890ರ ದಶಕದಲ್ಲಿ ಕೆಲವೇ ಮಿಲಿಮೀಟರ್ ಉದ್ದದ ಅಲೆಗಳನ್ನು ಹುಟ್ಟಿಸಿ ಅವುಗಳ ಪ್ರತಿಫಲನ, ವಕ್ರೀಭವನ ಮತ್ತು ಧ್ರುವೀಕರಣಗಳನ್ನು ಅಳೆದರು.

ಅಲೆಯ ಎರಡು ಉಬ್ಬುಗಳ ನಡುವಿನ ಅಂತರವೇ ತರಂಗದೂರ; ಒಂದು ಸೆಕೆಂಡಿನಲ್ಲಿ ನಡೆಯುವ ಕಂಪನಗಳ ಎಣಿಕೆಯೇ ಆವೃತ್ತಿ. ಮನೆಗೆ ಬರುವ 50 ಹರ್ಟ್ಸ್ ವಿದ್ಯುತ್ತಿಗೆ ಲೆಕ್ಕ ಹಾಕಿದರೆ ತರಂಗದೂರ 6,000 ಕಿ.ಮೀ. ಆಗುತ್ತದೆ, ಉತ್ತರದಿಂದ ದಕ್ಷಿಣಕ್ಕೆ ಇಡೀ ಕರ್ನಾಟಕದ ಉದ್ದ ಸುಮಾರು 750 ಕಿ.ಮೀ. ಮಾತ್ರ. 765 ಕಿಲೋಹರ್ಟ್ಸ್‌ನಲ್ಲಿ ಕೇಳಿಬರುವ ಧಾರವಾಡ ಆಕಾಶವಾಣಿಯ ಮಧ್ಯಮ ತರಂಗ ಪ್ರಸಾರದ ತರಂಗದೂರ ಸುಮಾರು 392 ಮೀಟರ್. ಇವೆರಡಕ್ಕೂ ಹೋಲಿಸಿದರೆ ಮೈಕ್ರೋವೇವ್ ಅಥವಾ ಸೂಕ್ಷ್ಮತರಂಗ ತೀರ ಚಿಕ್ಕದು. 300 ಮೆಗಾಹರ್ಟ್ಸ್‌ನಿಂದ 300 ಗಿಗಾಹರ್ಟ್ಸ್‌ವರೆಗಿನ, ಅಂದರೆ 1 ಮೀಟರಿನಿಂದ 1 ಮಿಲಿಮೀಟರ್‌ವರೆಗಿನ ತರಂಗದೂರದ ಅಲೆಗಳಿಗೆ ಈ ಹೆಸರು ಸಲ್ಲುತ್ತದೆ. 10 ಗಿಗಾಹರ್ಟ್ಸ್‌ನಲ್ಲಿ ಅಲೆಯ ಉದ್ದ 3 ಸೆಂಟಿಮೀಟರ್.

ಈ ಅಂತರವು ಕೇವಲ ಅಳತೆಯದಲ್ಲ, ಆಲೋಚನಾ ಕ್ರಮದ್ದು. ತರಂಗದೂರದ ಮುಂದೆ ಉಪಕರಣ ಕಿರಿದಾಗಿರುವವರೆಗೆ ವೋಲ್ಟೇಜು, ಕರೆಂಟು, ರೋಧ ಎಂಬ ಸರಳ ಮಂಡಲ ನಿಯಮಗಳಿಂದ ಎಲ್ಲ ಲೆಕ್ಕವೂ ಸಾಗುತ್ತದೆ. ಉಪಕರಣವೂ ಅಲೆಯೂ ಒಂದೇ ಗಾತ್ರಕ್ಕೆ ಬಂದಾಗ ತಂತಿಯ ಒಂದು ತುದಿಯಲ್ಲಿ ಉಬ್ಬು, ಇನ್ನೊಂದರಲ್ಲಿ ತಗ್ಗು ಇದ್ದು, ಆ ನಿಯಮಗಳು ಕೈಬಿಡುತ್ತವೆ. ಆಗ ಮ್ಯಾಕ್ಸ್‌ವೆಲ್ ಸಮೀಕರಣಗಳನ್ನೇ ನೇರವಾಗಿ ಹಿಡಿದು, ಉಪಕರಣದ ಪ್ರತಿ ಮೇಲ್ಮೈಯಲ್ಲೂ ಕ್ಷೇತ್ರಗಳು ಪಾಲಿಸಬೇಕಾದ ಎಲ್ಲೆಯ ನಿಬಂಧನೆಗಳೊಂದಿಗೆ ಬಿಡಿಸಬೇಕಾಗುತ್ತದೆ. ಗಣಿತದಲ್ಲಿ ಪಳಗಿದವರಿಗೆ ಈ ಕ್ಷೇತ್ರ ತಕ್ಕುದಾಗಿತ್ತು ಎಂಬುದಕ್ಕೆ ಇದೇ ಕಾರಣ.

ಬಲವಾದ ಮೈಕ್ರೋವೇವ್‌ಗಳನ್ನು ಹುಟ್ಟಿಸುವ ಸಾಧನಗಳು ಬರತೊಡಗಿದ್ದು 1930ರ ದಶಕದ ಕೊನೆಯಲ್ಲಿ. 1937ರಲ್ಲಿ ಅಮೆರಿಕದಲ್ಲಿ ಕ್ಲೈಸ್ಟ್ರಾನ್ ಕೊಳವೆಯೂ 1940ರಲ್ಲಿ ಇಂಗ್ಲೆಂಡಿನಲ್ಲಿ ಕುಹರ ಮ್ಯಾಗ್ನೆಟ್ರಾನೂ ರೂಪುಗೊಂಡು ಯುದ್ಧಕಾಲದ ರೇಡಾರಿಗೆ ಆಧಾರವಾದವು. ಯುದ್ಧದ ನಂತರ ಈ ವಿದ್ಯೆ ಬಹಿರಂಗವಾದಾಗ ಅದನ್ನು ಅರಗಿಸಿಕೊಂಡು ಸ್ವಂತವಾಗಿ ಬೆಳೆಸಬಲ್ಲವರು ಭಾರತದಲ್ಲಿ ಬೆರಳೆಣಿಕೆಯಷ್ಟಿದ್ದರು.

ಬೆಂಗಳೂರಿನ ಮೈಕ್ರೋವೇವ್ ಸಂಶೋಧನಾಲಯ

1953ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ವಿದ್ಯುತ್ ಸಂವಹನ ಎಂಜಿನಿಯರಿಂಗ್ ವಿಭಾಗವನ್ನು ಅಧ್ಯಾಪಕಿಯಾಗಿ ಸೇರಿದ ರಾಜೇಶ್ವರಿ, ಅದೇ ವರ್ಷ ಆ ವಿಭಾಗದ ಅಧ್ಯಾಪಕರಾಗಿದ್ದ ಶಿಶಿರ್ ಕುಮಾರ್ ಚಟರ್ಜಿ ಅವರನ್ನು ವಿವಾಹವಾದರು. ಇಬ್ಬರೂ ಸೇರಿ ಮೈಕ್ರೋವೇವ್ ಸಂಶೋಧನಾಲಯವೊಂದನ್ನು ಕಟ್ಟಿ, ದೇಶದಲ್ಲಿ ಅದುವರೆಗೆ ನೆಲೆಗೊಳ್ಳದಿದ್ದ ಮೈಕ್ರೋವೇವ್ ಎಂಜಿನಿಯರಿಂಗ್ ಸಂಶೋಧನೆಯನ್ನು ಆರಂಭಿಸಿದರು.

ಇಂಥ ಪ್ರಯೋಗಾಲಯದ ಮೂಲ ಸಲಕರಣೆಗೆ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಮೈಕ್ರೋವೇವ್ ಬೆಂಚ್ ಎಂದೇ ಹೆಸರು. ಒಂದು ತುದಿಯಲ್ಲಿ ಅಲೆಯನ್ನು ಹುಟ್ಟಿಸುವ ಕ್ಲೈಸ್ಟ್ರಾನ್, ಅದರ ಮುಂದೆ ಅಲೆಯ ಬಲವನ್ನು ತಗ್ಗಿಸುವ ಕ್ಷೀಣಕ, ಬಳಿಕ ಉದ್ದಕ್ಕೂ ಸೀಳು ಇರುವ ತರಂಗನಾಳ, ಕೊನೆಯಲ್ಲಿ ಪರೀಕ್ಷಿಸಬೇಕಾದ ಸಾಧನ ಇರುತ್ತವೆ. ತರಂಗನಾಳ ಅಥವಾ ವೇವ್‌ಗೈಡ್ ಎಂದರೆ ಅಲೆಯನ್ನು ಒಳಗಿನಿಂದ ಸಾಗಿಸುವ ಟೊಳ್ಳು ಲೋಹದ ಕೊಳವೆ. ಸೀಳಿನೊಳಗೆ ಇಳಿಬಿಟ್ಟ ಚಿಕ್ಕ ಶೋಧಕವನ್ನು ಉದ್ದಕ್ಕೂ ಸರಿಸಿದರೆ ಮುಂದೆ ಹೋಗುವ ಅಲೆಯೂ ತುದಿಯಿಂದ ಮರಳುವ ಅಲೆಯೂ ಕೂಡಿ ಉಂಟಾದ ಏರಿಳಿತ ಗೋಚರಿಸುತ್ತದೆ. ಅಕ್ಕಪಕ್ಕದ ಎರಡು ತಗ್ಗುಗಳ ನಡುವಿನ ದೂರವು ನಾಳದೊಳಗಿನ ತರಂಗದೂರದ ಅರ್ಧ. ಈ ಒಂದು ಅಳತೆಯಿಂದ ಆವೃತ್ತಿ, ಪ್ರತಿಫಲನ, ಪರೀಕ್ಷಾ ವಸ್ತುವಿನ ಗುಣ ಇವೆಲ್ಲವನ್ನೂ ಲೆಕ್ಕ ಹಾಕಬಹುದು. ಕಾಗದದ ಮೇಲೆ ಬಿಡಿಸಿದ ಸಮೀಕರಣವನ್ನು ಅದೇ ಕಟ್ಟಡದ ಬೆಂಚಿನ ಮೇಲೆ ಒರೆಗೆ ಹಚ್ಚುವ ಈ ಜೋಡಿ ಕ್ರಮ ಚಟರ್ಜಿ ದಂಪತಿಗಳ ಸಂಶೋಧನೆಯ ಗುರುತು.

ನಗರದಲ್ಲಿ ಈ ವಿದ್ಯೆಗೆ ಬೇಡಿಕೆಯೂ ಅದೇ ಕಾಲದಲ್ಲಿ ಬೆಳೆಯಿತು. ಭಾರತ್ ಎಲೆಕ್ಟ್ರಾನಿಕ್ಸ್ 1954ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾಯಿತು; 1958ರಲ್ಲಿ ರಕ್ಷಣಾ ಸಂಶೋಧನೆ ಮತ್ತು ಅಭಿವೃದ್ಧಿ ಸಂಸ್ಥೆ ರೂಪುಗೊಂಡು, ರೇಡಾರ್ ಅಭಿವೃದ್ಧಿಯ ಕೆಲಸ ಬೆಂಗಳೂರಿನಲ್ಲಿ ನೆಲೆಗೊಂಡಿತು. ಪೀಣ್ಯದ ಕೈಗಾರಿಕಾ ಶೆಡ್ಡುಗಳಲ್ಲಿ ಸಿದ್ಧವಾದ ಆರ್ಯಭಟ ಉಪಗ್ರಹ 1975ರ ಏಪ್ರಿಲ್ 19ರಂದು ಕಕ್ಷೆ ಸೇರಿತು. ರೇಡಾರಿಗಾಗಲಿ ಉಪಗ್ರಹ ಸಂಪರ್ಕಕ್ಕಾಗಲಿ ಮೈಕ್ರೋವೇವ್ ಬಲ್ಲ ಎಂಜಿನಿಯರ್‌ಗಳಿಲ್ಲದೆ ನಡೆಯುವಂತಿರಲಿಲ್ಲ.

ಸಂಶೋಧನೆಯ ಮುಖ್ಯ ಶಾಖೆಗಳು

ಡೈಎಲೆಕ್ಟ್ರಿಕ್ ತುಂಬಿದ ತರಂಗನಾಳಗಳು. ವಿದ್ಯುತ್ತನ್ನು ಹರಿಯಗೊಡದಿದ್ದರೂ ತನ್ನೊಳಗೆ ವಿದ್ಯುತ್ ಕ್ಷೇತ್ರಕ್ಕೆ ಎಡೆಗೊಡುವ ನಿರೋಧಕ ವಸ್ತುವಿಗೆ ಡೈಎಲೆಕ್ಟ್ರಿಕ್ ಎಂದು ಹೆಸರು. ಪಾಲಿಥೀನ್, ಪಾಲಿಸ್ಟೈರೀನ್, ಗಾಜು, ಪಿಂಗಾಣಿ ಇದಕ್ಕೆ ಉದಾಹರಣೆಗಳು. ನಿರ್ವಾತಕ್ಕೆ ಹೋಲಿಸಿದರೆ ಕ್ಷೇತ್ರಕ್ಕೆ ವಸ್ತು ಎಷ್ಟು ಪಟ್ಟು ಹೆಚ್ಚು ಸ್ಪಂದಿಸುತ್ತದೆ ಎಂಬುದನ್ನು ಡೈಎಲೆಕ್ಟ್ರಿಕ್ ಸ್ಥಿರಾಂಕ ಹೇಳುತ್ತದೆ. ಇದು ಪಾಲಿಥೀನಿಗೆ ಸುಮಾರು 2.25. ಅಲೆ ಇಂಥ ವಸ್ತುವಿನೊಳಗೆ ಹೊಕ್ಕಾಗ ಅದರ ವೇಗವೂ ತರಂಗದೂರವೂ ಈ ಸಂಖ್ಯೆಯ ವರ್ಗಮೂಲದಷ್ಟು ಪಟ್ಟು, ಅಂದರೆ ಪಾಲಿಥೀನಿನಲ್ಲಿ ಒಂದೂವರೆ ಪಟ್ಟು ಕುಗ್ಗುತ್ತವೆ.

ಆಯತಾಕಾರದ ಟೊಳ್ಳು ನಾಳದಲ್ಲಿ ಅಲೆ ಸಾಗಬೇಕಾದರೆ ತರಂಗದೂರ ನಾಳದ ಅಗಲದ ಎರಡು ಪಟ್ಟಿಗಿಂತ ಕಡಿಮೆ ಇರಬೇಕು. 10 ಗಿಗಾಹರ್ಟ್ಸ್ ಸುತ್ತಮುತ್ತ ಬಳಕೆಯಲ್ಲಿರುವ ಪ್ರಮಾಣಿತ ನಾಳದ ಒಳ ಅಗಲ 22.86 ಮಿ.ಮೀ.; ಆದ್ದರಿಂದ ಸುಮಾರು 6.56 ಗಿಗಾಹರ್ಟ್ಸ್‌ಗಿಂತ ಕೆಳಗಿನ ಅಲೆ ಅದರಲ್ಲಿ ಮುಂದೆ ಹೋಗದೆ ನಶಿಸುತ್ತದೆ. ನಾಳವನ್ನು ಪೂರ್ತಿ ಡೈಎಲೆಕ್ಟ್ರಿಕ್‌ನಿಂದ ತುಂಬಿದರೆ ಲೆಕ್ಕ ಸುಲಭ. ಒಂದು ಭಾಗವನ್ನಷ್ಟೇ ತುಂಬಿ ಉಳಿದುದನ್ನು ಗಾಳಿಗೆ ಬಿಟ್ಟರೆ ಸಮಸ್ಯೆ ಬೇರೆಯೇ ಆಗುತ್ತದೆ: ಎರಡು ಮಾಧ್ಯಮಗಳು ಕೂಡುವ ಎಲ್ಲೆಯಲ್ಲಿ ಕ್ಷೇತ್ರಗಳನ್ನು ಹೊಂದಿಸಬೇಕಾಗುವುದರಿಂದ, ಟೊಳ್ಳು ನಾಳದ ಶುದ್ಧ ವಿದ್ಯುತ್ ಅಥವಾ ಶುದ್ಧ ಕಾಂತ ಬಗೆಯ ಅಲೆಗಳಿಗೆ ಬದಲು ಎರಡೂ ಬೆರೆತ ಮಿಶ್ರ ಮೋಡ್‌ಗಳು ಸಾಮಾನ್ಯವಾಗಿ ಹುಟ್ಟುತ್ತವೆ. ಇಲ್ಲಿ ಮೋಡ್ ಎಂದರೆ ನಾಳದ ಅಡ್ಡಕೊಯ್ತದಲ್ಲಿ ಕ್ಷೇತ್ರಗಳು ಹಂಚಿಕೊಳ್ಳುವ ನಿಶ್ಚಿತ ವಿನ್ಯಾಸ. ಅಲೆಯ ವೇಗವನ್ನು ಬೇಕಾದಂತೆ ನಿಯಂತ್ರಿಸಲು ಸಾಧ್ಯವಾಗುವುದರಿಂದ ಇಂಥ ನಾಳಗಳು ಕಣ ವೇಗವರ್ಧಕಗಳಲ್ಲೂ ಅಲೆಯ ಹಂತ (ಫೇಸ್) ಬದಲಿಸುವ ಸಾಧನಗಳಲ್ಲೂ ಬಳಕೆಗೆ ಬಂದಿವೆ. ಈ ನಾಳಗಳ ಸೈದ್ಧಾಂತಿಕ ಪರಿಹಾರಗಳನ್ನು ಒಟ್ಟುಗೂಡಿಸಿ ವಿಮರ್ಶಿಸಿದ ಚಟರ್ಜಿ ದಂಪತಿಗಳ ಪ್ರಬಂಧ 1965ರಲ್ಲಿ ಇಂಗ್ಲೆಂಡಿನ ರೇಡಿಯೋ ಎಂಜಿನಿಯರ್‌ಗಳ ಪತ್ರಿಕೆಯಲ್ಲಿ ಪ್ರಕಟವಾಯಿತು.

ಮೇಲ್ಮೈ ತರಂಗಗಳು. ಅಲೆಯನ್ನು ಕೊಳವೆಯೊಳಗೆ ಕೂಡಿಹಾಕದೆ ಒಂದೇ ತಂತಿಯ ಹೊರಮೈಗೆ ಅಂಟಿಸಿಕೊಂಡು ಸಾಗಿಸಲು ಸಾಧ್ಯ. ವಾಹಕ ತಂತಿಯ ಮೇಲೆ ಇಂಥ ಅಲೆ ಸಾಗಬಲ್ಲದೆಂದು ಆರ್ನಾಲ್ಡ್ ಸೋಮರ್‌ಫೆಲ್ಡ್ 1899ರಲ್ಲಿ ಗಣಿತದಿಂದ ತೋರಿಸಿದ್ದರು. ತಂತಿಗೆ ಡೈಎಲೆಕ್ಟ್ರಿಕ್‌ನ ತೆಳು ಹೊದಿಕೆ ಕೊಟ್ಟರೆ ಅಲೆ ತಂತಿಯ ಹತ್ತಿರವೇ ಬಿಗಿಯಾಗಿ ಉಳಿಯುತ್ತದೆಂದು ಜಾರ್ಜ್ ಗೌಬೌ 1950ರಲ್ಲಿ ಕಂಡುಕೊಂಡಾಗ ಅದಕ್ಕೆ ಪ್ರಾಯೋಗಿಕ ಬೆಲೆ ಬಂತು. ಹೊದಿಕೆಯೊಳಗೆ ಅಲೆಯ ವೇಗ ತುಸು ತಗ್ಗುತ್ತದೆ, ಹೊರಗಿನ ಗಾಳಿಯಲ್ಲಿ ಕ್ಷೇತ್ರ ತಂತಿಯಿಂದ ದೂರ ಸರಿದಂತೆ ವೇಗವಾಗಿ ಕ್ಷೀಣಿಸುತ್ತದೆ. ಹೀಗೆ ಶಕ್ತಿಯೆಲ್ಲ ತಂತಿಯ ಸುತ್ತಲೇ ಸಾಗುತ್ತದೆ. ಕೊಳವೆಗಿಂತ ಇದು ಹಗುರ, ಅಗ್ಗ, ನಷ್ಟವೂ ಕಡಿಮೆ. ತಂತಿ ಬಾಗಿದ ಕಡೆ ಅಲೆ ಬಿಡಿಸಿಕೊಂಡು ಹೊರಗೆ ಹರಡುವುದು, ಮೈಮೇಲೆ ಮಳೆಹನಿ ಕೂತರೆ ನಷ್ಟ ಏರುವುದು ಇದರ ದೋಷಗಳು.

ರಾಜೇಶ್ವರಿ ಮತ್ತು ಶಿಶಿರ್ ಕುಮಾರ್ 1950ರ ದಶಕದಿಂದಲೇ ಈ ವಿಷಯದಲ್ಲಿ ಪ್ರಬಂಧಗಳನ್ನು ಪ್ರಕಟಿಸಿದರು. ಒಂದೇ ಹೊದಿಕೆಗೆ ನಿಲ್ಲದೆ, ಒಂದರ ಮೇಲೊಂದು ಬೇರೆ ಬೇರೆ ಡೈಎಲೆಕ್ಟ್ರಿಕ್ ಪದರಗಳಿರುವ ವಾಹಕದ ಮೇಲಿನ ಅಲೆಯನ್ನೂ ವಿಶ್ಲೇಷಿಸಿದರು. ಉರುಟು ತಂತಿಯ ಸುತ್ತಲಿನ ಕ್ಷೇತ್ರವನ್ನು ವಿವರಿಸಲು ಬೆಸೆಲ್ ಫಲನಗಳು ಬೇಕು. ಹಲಗೆ ವಾದ್ಯದ ದುಂಡು ಚರ್ಮ ಬಡಿದಾಗ ಕಂಪಿಸುವ ವಿನ್ಯಾಸವನ್ನು ಹೇಳುವುದೂ ಇವೇ ಫಲನಗಳು. ಪದರ ಒಂದು ಹೆಚ್ಚಿದರೆ ಎಲ್ಲೆಯೂ ಒಂದು ಹೆಚ್ಚುತ್ತದೆ, ಹೊಂದಿಸಬೇಕಾದ ನಿಬಂಧನೆಗಳೂ ಹೆಚ್ಚುತ್ತವೆ, ಕೊನೆಗೆ ಉಳಿಯುವ ಲಕ್ಷಣ ಸಮೀಕರಣ ಸೂತ್ರರೂಪದಲ್ಲಿ ಬಿಡಿಸಲಾಗದಷ್ಟು ತೊಡಕಾಗುತ್ತದೆ. ಗಣಕಯಂತ್ರ ಅಪರೂಪವಾಗಿದ್ದ ಕಾಲದಲ್ಲಿ ಇಂಥ ಸಮೀಕರಣದ ಒಂದೊಂದು ಮೂಲವನ್ನೂ ಫಲನಗಳ ಕೋಷ್ಟಕ ನೋಡಿ ಅಂಕೆಗಳಲ್ಲಿ ಕಂಡುಹಿಡಿಯುವುದು ಎಂಥ ತಾಳ್ಮೆಯ ಕೆಲಸ ಎಂಬುದನ್ನು ಇಂದಿನ ಓದುಗರು ಊಹಿಸಿಕೊಳ್ಳಬೇಕು.

ಡೈಎಲೆಕ್ಟ್ರಿಕ್ ಆಂಟೆನಾಗಳು. ಆಂಟೆನಾ ಎಂದರೆ ತಂತಿಯಲ್ಲೋ ನಾಳದಲ್ಲೋ ಬಂಧಿತವಾದ ಅಲೆಯನ್ನು ಬಯಲಿಗೆ ಬಿಡುವ ಮತ್ತು ಬಯಲಿನ ಅಲೆಯನ್ನು ಹಿಡಿದು ಒಳಗೆ ತರುವ ಸಾಧನ. ಅದು ಲೋಹದ್ದೇ ಆಗಬೇಕೆಂಬುದು ಸಾಮಾನ್ಯ ತಿಳುವಳಿಕೆ. ಆದರೆ ಡೈಎಲೆಕ್ಟ್ರಿಕ್ ಸರಳು ಕೂಡ ಅಲೆಯನ್ನು ಸಾಗಿಸಬಲ್ಲದೆಂದು ಹೊಂಡ್ರೋಸ್ ಮತ್ತು ಡಿಬೈ 1910ರಲ್ಲಿ ತೋರಿಸಿದ್ದರು. ತರಂಗನಾಳದ ಬಾಯಿಗೆ ಪಾಲಿಸ್ಟೈರೀನ್ ಸರಳನ್ನು ಸಿಕ್ಕಿಸಿ ತುದಿಯತ್ತ ಅದನ್ನು ಸಪೂರ ಮಾಡುತ್ತ ಹೋದರೆ, ಸರಳಿನ ಮೇಲಿನ ಹಿಡಿತ ಸಡಿಲವಾದಂತೆ ಅಲೆ ಹಂತಹಂತವಾಗಿ ಗಾಳಿಗೆ ಬಿಡಿಸಿಕೊಂಡು ಸರಳಿನ ಅಕ್ಷದ ದಿಕ್ಕಿನಲ್ಲೇ ಕಿರಣಪುಂಜವಾಗಿ ಹೊರಡುತ್ತದೆ. ಇಲ್ಲಿ ಕೆಲಸ ಮಾಡುವ ಮುಖ್ಯ ಮೋಡ್, ವಿದ್ಯುತ್ ಮತ್ತು ಕಾಂತಕ್ಷೇತ್ರಗಳೆರಡಕ್ಕೂ ಅಕ್ಷದ ದಿಕ್ಕಿನಲ್ಲಿ ಅಂಶವಿರುವ ಮಿಶ್ರ ಮೋಡ್. ಟೊಳ್ಳು ನಾಳಕ್ಕಿರುವಂತೆ ಇದಕ್ಕೆ ಕನಿಷ್ಠ ಆವೃತ್ತಿಯ ಮಿತಿಯಿಲ್ಲ. ಇಂದು ಊರೂರಿಗೆ ಇಂಟರ್ನೆಟ್ ಒಯ್ಯುತ್ತಿರುವ ಏಕಮೋಡ್ ಗಾಜಿನ ಎಳೆಯಲ್ಲಿ ಬೆಳಕು ಸಾಗುವುದೂ ಇದೇ ಮೋಡ್‌ನಲ್ಲಿ. ಸೆಂಟಿಮೀಟರ್ ಅಲೆಗೆ ಬರೆದ ಗಣಿತವು ಅದರ ಹತ್ತಾರು ಸಾವಿರದಲ್ಲೊಂದು ಪಾಲಿನಷ್ಟು ಉದ್ದದ ಬೆಳಕಿನ ಅಲೆಗೂ ಹಾಗೆಯೇ ಸಲ್ಲುತ್ತದೆ.

ರಾಜೇಶ್ವರಿ ಅವರ ಬಳಗದ ಸಂಶೋಧನೆ ಸರಳುಗಳಿಗೆ ಸೀಮಿತವಾಗದೆ, ಗೋಲಾಕಾರದ ಡೈಎಲೆಕ್ಟ್ರಿಕ್ ಆಂಟೆನಾಗಳಿಗೂ ಡೈಎಲೆಕ್ಟ್ರಿಕ್ ಹೊದಿಸಿದ ಲೋಹದ ಆಂಟೆನಾಗಳಿಗೂ ವಿಸ್ತರಿಸಿತು. ಎಲ್ಲದರಲ್ಲೂ ಕ್ರಮ ಒಂದೇ: ಆಕಾರಕ್ಕೆ ತಕ್ಕ ನಿರ್ದೇಶಾಂಕಗಳಲ್ಲಿ ಮ್ಯಾಕ್ಸ್‌ವೆಲ್ ಸಮೀಕರಣಗಳನ್ನು ಬಿಡಿಸಿ, ಎಲ್ಲೆಯಲ್ಲಿ ಕ್ಷೇತ್ರಗಳನ್ನು ಹೊಂದಿಸಿ, ದೂರದಲ್ಲಿ ಅಲೆ ಯಾವ ದಿಕ್ಕಿಗೆ ಎಷ್ಟು ಹರಡುತ್ತದೆ ಎಂಬ ವಿನ್ಯಾಸವನ್ನು ಲೆಕ್ಕ ಹಾಕಿ, ಅಳತೆಯೊಂದಿಗೆ ಹೋಲಿಸುವುದು.

ಬೋಧನೆ

ವಿದ್ಯುತ್ಕಾಂತೀಯ ಸಿದ್ಧಾಂತ, ಎಲೆಕ್ಟ್ರಾನ್ ಕೊಳವೆ ಮಂಡಲಗಳು, ಮೈಕ್ರೋವೇವ್ ತಂತ್ರಜ್ಞಾನ ಮತ್ತು ರೇಡಿಯೋ ಎಂಜಿನಿಯರಿಂಗ್ ಇವರು ಪಾಠ ಹೇಳಿದ ವಿಷಯಗಳು. 20 ಮಂದಿ ಇವರ ಮಾರ್ಗದರ್ಶನದಲ್ಲಿ ಪಿಎಚ್.ಡಿ. ಪಡೆದರು; ಪ್ರಕಟಿತ ಸಂಶೋಧನಾ ಪ್ರಬಂಧಗಳು 100ಕ್ಕೂ ಹೆಚ್ಚು. ಎಂಜಿನಿಯರಿಂಗ್ ತರಗತಿಗಳಲ್ಲಿ ಹೆಣ್ಣುಮಕ್ಕಳೇ ವಿರಳವಾಗಿದ್ದ ದಶಕಗಳಲ್ಲಿ ಮಹಿಳೆಯೊಬ್ಬರು ವಿಭಾಗದ ಮುಖ್ಯಸ್ಥ ಸ್ಥಾನಕ್ಕೇರಿದ್ದು ಸಂಸ್ಥೆಯ ಚರಿತ್ರೆಯಲ್ಲಿ ಗಮನಾರ್ಹ. ದಂಪತಿಗಳ ಮಗಳು ಇಂದಿರಾ ಚಟರ್ಜಿ ಕೂಡ ವಿದ್ಯುತ್ಕಾಂತೀಯ ಕ್ಷೇತ್ರದಲ್ಲೇ ಮುಂದುವರಿದು ಅಮೆರಿಕದ ನೆವಾಡಾ ವಿಶ್ವವಿದ್ಯಾಲಯದ ರೀನೊ ಶಾಖೆಯಲ್ಲಿ ಪ್ರಾಧ್ಯಾಪಕರಾದರು.

ಗ್ರಂಥಗಳು

ಇವರ ತಾಂತ್ರಿಕ ಗ್ರಂಥಗಳೆಲ್ಲ ಇಂಗ್ಲಿಷಿನಲ್ಲಿವೆ ಮತ್ತು ಹೆಚ್ಚಿನವು ನಿವೃತ್ತಿಯ ನಂತರ, 1980ರ ದಶಕದಲ್ಲಿ ಪ್ರಕಟವಾದವು. ‘ಡೈಎಲೆಕ್ಟ್ರಿಕ್ ಅಂಡ್ ಡೈಎಲೆಕ್ಟ್ರಿಕ್-ಲೋಡೆಡ್ ಆಂಟೆನಾಸ್’ ಬೆಂಗಳೂರಿನ ಸಂಶೋಧನೆಯ ಸಾರವನ್ನು ಒಳಗೊಂಡ ವಿಶೇಷ ಗ್ರಂಥ. ‘ಎಲಿಮೆಂಟ್ಸ್ ಆಫ್ ಮೈಕ್ರೋವೇವ್ ಎಂಜಿನಿಯರಿಂಗ್’, ‘ಅಡ್ವಾನ್ಸ್‌ಡ್ ಮೈಕ್ರೋವೇವ್ ಎಂಜಿನಿಯರಿಂಗ್’ ಮತ್ತು ‘ಆಂಟೆನಾ ಥಿಯರಿ ಅಂಡ್ ಪ್ರಾಕ್ಟೀಸ್’ ವಿದ್ಯಾರ್ಥಿಗಳಿಗಾಗಿ ಬರೆದವು. ಪೆರಂಬೂರ್ ಎಸ್. ನೀಲಕಂಠ ಅವರೊಂದಿಗೆ ಬರೆದ, ಒಳಾಂಗಣ ಮತ್ತು ಹೊರಾಂಗಣ ನಿಸ್ತಂತು ಆಂಟೆನಾಗಳನ್ನು ಕುರಿತ ಗ್ರಂಥವು ಇವರು 80 ವರ್ಷ ದಾಟಿದ ಮೇಲೆ ಹೊರಬಂತು. ಇವಲ್ಲದೆ ‘ವಸುಧೈವ ಕುಟುಂಬಕಂ’ ಭಾರತದ ಕೆಲವು ಮಹಿಳೆಯರ ಮತ್ತು ಪುರುಷರ ನಿಜಜೀವನವನ್ನೂ, ‘ಎ ಥೌಸಂಡ್ ಸ್ಟ್ರೀಮ್ಸ್’ ಸ್ವಂತ ಬದುಕಿನ ಇತಿಹಾಸವನ್ನೂ ಹೇಳುತ್ತವೆ. ಒಮ್ಮೆ ಇತಿಹಾಸದತ್ತ ಇದ್ದ ಒಲವು ಹೀಗೆ ಕೊನೆಯಲ್ಲಿ ಹಾದಿ ಕಂಡುಕೊಂಡಿತು.

ನಿವೃತ್ತಿಯ ನಂತರ

1982ರಲ್ಲಿ ನಿವೃತ್ತರಾದ ಮೇಲೆ ರಾಜೇಶ್ವರಿ ಸಾಮಾಜಿಕ ಕಾರ್ಯಗಳಲ್ಲಿ, ಮುಖ್ಯವಾಗಿ ಭಾರತೀಯ ಮಹಿಳಾ ಅಧ್ಯಯನ ಸಂಘದ ಮೂಲಕ, ತೊಡಗಿಸಿಕೊಂಡರು. ಶಿಶಿರ್ ಕುಮಾರ್ ಚಟರ್ಜಿ 1994ರಲ್ಲಿ ತೀರಿಕೊಂಡರು. ರಾಜೇಶ್ವರಿ 2010ರ ಸೆಪ್ಟೆಂಬರ್ 3ರಂದು ನಿಧನರಾದರು.

ಗೌರವಗಳು

ಇಂಗ್ಲೆಂಡಿನ ಎಲೆಕ್ಟ್ರಾನಿಕ್ ಮತ್ತು ರೇಡಿಯೋ ಎಂಜಿನಿಯರ್‌ಗಳ ಸಂಸ್ಥೆಯಿಂದ ಅತ್ಯುತ್ತಮ ಪ್ರಬಂಧಕ್ಕೆ ಮೌಂಟ್‌ಬ್ಯಾಟನ್ ಬಹುಮಾನ, ಭಾರತದ ಎಂಜಿನಿಯರ್‌ಗಳ ಸಂಸ್ಥೆಯಿಂದ ಸಂಶೋಧನಾ ಪ್ರಬಂಧಕ್ಕೆ ಜೆ.ಸಿ. ಬೋಸ್ ಸ್ಮಾರಕ ಬಹುಮಾನ, ಬೋಧನೆ ಮತ್ತು ಸಂಶೋಧನೆಗಾಗಿ ಎಲೆಕ್ಟ್ರಾನಿಕ್ಸ್ ಹಾಗೂ ದೂರಸಂಪರ್ಕ ಎಂಜಿನಿಯರ್‌ಗಳ ಸಂಸ್ಥೆಯಿಂದ ರಾಮಲಾಲ್ ವಾಧ್ವಾ ಪ್ರಶಸ್ತಿ ಇವರಿಗೆ ಸಂದಿವೆ. 2020ರ ಫೆಬ್ರವರಿ 28ರ ರಾಷ್ಟ್ರೀಯ ವಿಜ್ಞಾನ ದಿನದಂದು ಕೇಂದ್ರ ಸರ್ಕಾರವು ಹನ್ನೊಂದು ಮಹಿಳಾ ವಿಜ್ಞಾನಿಗಳ ಹೆಸರಿನಲ್ಲಿ ಪೀಠಗಳನ್ನು ಪ್ರಕಟಿಸಿದಾಗ, ಜಾನಕಿ ಅಮ್ಮಾಳ್, ಅನ್ನಾ ಮಣಿ, ಬಿಭಾ ಚೌಧುರಿ ಮೊದಲಾದವರೊಂದಿಗೆ ರಾಜೇಶ್ವರಿ ಚಟರ್ಜಿ ಅವರ ಹೆಸರೂ ಇತ್ತು. ಭಾರತದ ಮೊದಲ ಮಹಿಳಾ ಎಂಜಿನಿಯರ್ ಎಂಬ ಬಿರುದನ್ನೂ ಕೆಲವೆಡೆ ಇವರಿಗೆ ಕೊಡುವುದುಂಟು. ಆದರೆ ಮದರಾಸಿನ ಗಿಂಡಿ ಕಾಲೇಜಿನಲ್ಲಿ ಎ. ಲಲಿತಾ 1940ರ ದಶಕದಲ್ಲೇ ವಿದ್ಯುತ್ ಎಂಜಿನಿಯರಿಂಗ್ ಪದವಿ ಪಡೆದಿದ್ದರಿಂದ ಕರ್ನಾಟಕದ ಮೊದಲ ಮಹಿಳಾ ಎಂಜಿನಿಯರ್ ಎನ್ನುವುದೇ ಸರಿ.

ಕ್ಷೇತ್ರದ ಇಂದಿನ ಸ್ಥಿತಿ

ರಾಜೇಶ್ವರಿ ಆರಿಸಿಕೊಂಡ ಡೈಎಲೆಕ್ಟ್ರಿಕ್ ಆಂಟೆನಾಗಳ ಬೆಲೆ ಆವೃತ್ತಿ ಏರಿದಂತೆ ಏರಿದೆ. ಹೆಚ್ಚಿನ ಆವೃತ್ತಿಯಲ್ಲಿ ಲೋಹದ ಮೇಲ್ಮೈ ಹೆಚ್ಚು ಶಕ್ತಿಯನ್ನು ಶಾಖವಾಗಿ ನುಂಗುತ್ತದೆ. ಒಳ್ಳೆಯ ಡೈಎಲೆಕ್ಟ್ರಿಕ್‌ನಲ್ಲಿ ಈ ನಷ್ಟ ಕಡಿಮೆ. ಪಿಂಗಾಣಿಯ ಚಿಕ್ಕ ತುಣುಕೇ ಅನುರಣಿಸಿ ಅಲೆಯನ್ನು ಸೂಸುವ ಆಂಟೆನಾಗಳು 1983ರಿಂದೀಚೆಗೆ ಪ್ರತ್ಯೇಕ ಶಾಖೆಯಾಗಿ ಬೆಳೆದಿವೆ. ಭಾರತದಲ್ಲಿ 2022ರಲ್ಲಿ 5ಜಿ ಸೇವೆಗಾಗಿ ಹರಾಜಾದ ಪಟ್ಟಿಗಳಲ್ಲಿ 26 ಗಿಗಾಹರ್ಟ್ಸ್ ಪಟ್ಟಿಯೂ ಇತ್ತು. ಅಲ್ಲಿ ತರಂಗದೂರ 1 ಸೆಂಟಿಮೀಟರಿಗಿಂತ ತುಸುವೇ ಹೆಚ್ಚು.

ಲೋಹ ಮತ್ತು ಡೈಎಲೆಕ್ಟ್ರಿಕ್‌ಗಳ ಎಲ್ಲೆಯನ್ನೇ ಬಳಸಿಕೊಳ್ಳುವ ಇನ್ನೊಂದು ಬಗೆಯೆಂದರೆ ಮೈಕ್ರೋಸ್ಟ್ರಿಪ್ ಆಂಟೆನಾ. ಇದರ ಕಲ್ಪನೆ ಮೂಡಿದ್ದು, ರಾಜೇಶ್ವರಿ ಪಿಎಚ್.ಡಿ. ಪಡೆದ 1953ರಲ್ಲೇ, ಬಳಕೆಗೆ ಬಂದದ್ದು 1970ರ ದಶಕದಲ್ಲಿ. ಡೈಎಲೆಕ್ಟ್ರಿಕ್ ಹಲಗೆಯ ಕೆಳಮೈಗೆ ಪೂರ್ತಿ ತಾಮ್ರ, ಮೇಲ್ಮೈಗೆ ಲೆಕ್ಕ ಹಾಕಿ ಕತ್ತರಿಸಿದ ತಾಮ್ರದ ತೇಪೆ ಇದರ ರಚನೆ. 2.4 ಗಿಗಾಹರ್ಟ್ಸ್ ವೈಫೈ ಅಲೆಯ ಉದ್ದ ಗಾಳಿಯಲ್ಲಿ 12.5 ಸೆಂ.ಮೀ.; ಸ್ಥಿರಾಂಕ ಸುಮಾರು 4.4 ಇರುವ ಗಾಜು-ಎಪಾಕ್ಸಿ ಹಲಗೆಯ ಮೇಲೆ ಅರ್ಧ ತರಂಗದೂರದ ತೇಪೆ ಕೇವಲ 3 ಸೆಂ.ಮೀ.ಗೆ ಇಳಿಯುತ್ತದೆ. 1980ರಲ್ಲಿ ಸ್ಥಾಪನೆಯಾದ ಗುಲಬರ್ಗಾ ವಿಶ್ವವಿದ್ಯಾಲಯದ ಅನ್ವಯಿಕ ಎಲೆಕ್ಟ್ರಾನಿಕ್ಸ್ ವಿಭಾಗದಲ್ಲಿ ಇಂಥ ಆಂಟೆನಾಗಳ ಬಗ್ಗೆ ನಿರಂತರ ಸಂಶೋಧನೆ ನಡೆದು, ತೇಪೆಯಲ್ಲಿ ಸೀಳುಗಳನ್ನು ಕೊರೆದು ಒಂದೇ ಆಂಟೆನಾ ಹಲವು ಆವೃತ್ತಿಗಳಿಗೆ ಸ್ಪಂದಿಸುವಂತೆ ಮಾಡುವ ಕುರಿತು ಅನೇಕ ಪ್ರಬಂಧಗಳು ಪ್ರಕಟವಾಗಿವೆ.

ಡೈಎಲೆಕ್ಟ್ರಿಕ್ ಸ್ಥಿರಾಂಕವು ಕಾರ್ಖಾನೆಯ ವಸ್ತುಗಳ ಗುಣ ಮಾತ್ರವಲ್ಲ, ನೆಲದ ಗುಣವೂ ಹೌದು. ಒಣ ಮಣ್ಣಿಗೆ ಇದು 3ರಿಂದ 4ರಷ್ಟು, ನೀರಿಗೆ ಸುಮಾರು 80. ಆದ್ದರಿಂದ ಮಳೆ ಬಿದ್ದು ತೇವವೇರಿದಂತೆ ಮಣ್ಣಿನ ಸ್ಥಿರಾಂಕ 20ನ್ನೂ ದಾಟುತ್ತದೆ ಮತ್ತು ಅದರ ಮೇಲೆ ಬಿದ್ದ ಮೈಕ್ರೋವೇವ್ ಮರಳುವ ಪ್ರಮಾಣ ಬದಲಾಗುತ್ತದೆ. ಕಲಬುರಗಿಯ ತೊಗರಿ ಬೆಳೆಯುವ ಎರೆಭೂಮಿಯಂಥ, ನೀರನ್ನು ಬಹುಕಾಲ ಹಿಡಿದಿಡುವ ಮಣ್ಣಿನ ತೇವವನ್ನು ಆಕಾಶದಿಂದ ಅಳೆಯಲು ಆಧಾರವಾಗಿರುವುದು ಈ ವ್ಯತ್ಯಾಸವೇ. ಭಾರತ ಮತ್ತು ಅಮೆರಿಕ ಜೊತೆಗೂಡಿ ನಿರ್ಮಿಸಿ 2025ರ ಜುಲೈ 30ರಂದು ಶ್ರೀಹರಿಕೋಟೆಯಿಂದ ಹಾರಿಸಿದ ನಿಸಾರ್ ಉಪಗ್ರಹವು ಎಲ್ ಮತ್ತು ಎಸ್ ಎಂಬ ಎರಡು ಮೈಕ್ರೋವೇವ್ ಪಟ್ಟಿಗಳ ರೇಡಾರ್‌ಗಳನ್ನು ಹೊತ್ತಿದ್ದು, ಹಗಲಿರುಳೆನ್ನದೆ, ಮೋಡವಿದ್ದರೂ ನೆಲದ ಚಿತ್ರ ತೆಗೆಯಬಲ್ಲದು. ಎಸ್ ಪಟ್ಟಿಯ ರೇಡಾರ್ ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆಯ ಕೊಡುಗೆ.